‘ಯಮಾತೊ’ ಕಥೆಯ ಎರಡು ರೂಪಗಳು

ಹಳೆಯ ಕೃತಿಯೊಂದನ್ನು ಹೊಸಬರು ಮತ್ತೆ ಕಟ್ಟಿದಾಗ ಸಾಮಾನ್ಯವಾಗಿ ಎರಡು ಬಗೆಯ ತೀರ್ಪುಗಳು ಹೊರಡುವುದುಂಟು. ಹಳೆಯದನ್ನು ಕಂಡು ಬೆಳೆದವರು ಹೊಸದರಲ್ಲಿ ಏನೇನು ಬಿಟ್ಟುಹೋಗಿದೆಯೆಂದು ಎಣಿಸುತ್ತಾರೆ; ಹೊಸದನ್ನೇ ಮೊದಲು ಕಂಡವರು ಹಳೆಯದರಲ್ಲಿ ಏನೇನು ಕೊರತೆಯಿತ್ತೆಂದು ಎಣಿಸುತ್ತಾರೆ. ಈ ಎರಡು ಎಣಿಕೆಗಳಿಂದಲೂ ವಿಮರ್ಶೆಗೆ ಆಗುವ ಪ್ರಯೋಜನ ಅಲ್ಪ. ಪುನಾರಚನೆಯ ಬೆಲೆಯನ್ನು ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಮೂಲಕೃತಿಯ ಭಾರವೆಲ್ಲ ಯಾವ ಕಂಬದ ಮೇಲೆ ನಿಂತಿತ್ತು? ಹೊಸ ಶಿಲ್ಪಿ ಆ ಕಂಬವನ್ನು ಉಳಿಸಿಕೊಂಡನೆ, ತೆಗೆದನೆ? ತೆಗೆದಿದ್ದರೆ, ಅದು ಹೊತ್ತಿದ್ದ ಭಾರವನ್ನು ಹೊರುವುದಕ್ಕೆ ಬೇರೆ ಏನನ್ನು ನಿಲ್ಲಿಸಿದನು?

ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡುವುದಕ್ಕೆ ಜಪಾನ್ ದೇಶದ ‘ಉಚೂ ಸೆಂಕನ್ ಯಮಾತೊ’, ಎಂದರೆ ‘ವ್ಯೋಮಯುದ್ಧನೌಕೆ ಯಮಾತೊ’ ಎಂಬ ಕಥೆಯು ಬಹಳ ಅನುಕೂಲವಾದ ಉದಾಹರಣೆ. ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡಿ ಕಥೆಹೇಳುವ ಕಲೆಗೆ ಆ ದೇಶದವರು ಆನಿಮೆ ಎನ್ನುತ್ತಾರೆ. ನಕ್ಷತ್ರಲೋಕಗಳ ನಡುವಣ ಯಾತ್ರೆ ಯುದ್ಧಗಳನ್ನು ವೀರಕಾವ್ಯದ ಧಾಟಿಯಲ್ಲಿ ಹೇಳುವ ಕಥೆಗೆ ಸ್ಪೇಸ್ ಆಪೆರಾ ಎಂದು ಹೆಸರು. ಆನಿಮೆಯಲ್ಲಿ ಸ್ಪೇಸ್ ಆಪೆರಾ ಒಂದು ಗಂಭೀರವಾದ ಪ್ರಕಾರವಾಗಿ ನೆಲೆಗೊಂಡುದರಲ್ಲಿ ಈ ಕೃತಿಯ ಪಾಲು ದೊಡ್ಡದು. ಮೂಲವು ೨೬ ಕಂತುಗಳಲ್ಲಿ ೧೯೭೪ನೆಯ ಅಕ್ಟೋಬರ್ ೬ರಿಂದ ೧೯೭೫ನೆಯ ಮಾರ್ಚ್ ೩೦ರ ವರೆಗೆ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ‘ಯಮಾತೊ ೨೧೯೯’ ಎಂಬ ಹೆಸರಿನ ಪುನಾರಚನೆಯೂ ೨೬ ಕಂತುಗಳದೇ. ಅದು ಏಳು ಭಾಗಗಳಾಗಿ ೨೦೧೨ನೆಯ ಏಪ್ರಿಲ್ ೭ರಿಂದ ಚಿತ್ರಮಂದಿರಗಳಿಗೂ, ೨೦೧೩ನೆಯ ಏಪ್ರಿಲ್ ೭ರಿಂದ ಟೆಲಿವಿಷನ್ನಿಗೂ ಬಂದಿತು. ನಡುವೆ ಸುಮಾರು ನಾಲ್ವತ್ತು ವರ್ಷಗಳ ಅಂತರವಿದೆ. ಕಥೆಯ ಚೌಕಟ್ಟು, ಪಾತ್ರಗಳ ಹೆಸರು, ನೌಕೆಯ ಆಕಾರ, ಸಂಗೀತ ಇವು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಬದಲಾದುದು ಯಾವುದೆಂಬುದು ಸ್ಫುಟವಾಗಿ ಕಾಣುತ್ತದೆ.

೧. ಮೂಲದ ಕಥೆ ಮತ್ತು ಅದರ ಕರ್ತೃಗಳು

ವಾಚಕರಲ್ಲಿ ಅನೇಕರಿಗೆ ಈ ಕಥೆಯ ಪರಿಚಯವಿಲ್ಲದಿರಬಹುದಾದುದರಿಂದ ಅದನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಕ್ರಿ. ಶ. ೨೧೯೯ನೆಯ ವರ್ಷ. ಗಮಿಲಸ್ ಎಂಬ ದೂರದ ಗ್ರಹದವರು ಭೂಮಿಯ ಮೇಲೆ ಗ್ರಹಬಾಂಬುಗಳನ್ನು ಸುರಿಸಿದ್ದಾರೆ. ಸಮುದ್ರಗಳು ಬತ್ತಿವೆ, ನೆಲವೆಲ್ಲ ಕೆಂಪಗೆ ಬೆಂದಿದೆ, ಅಳಿದುಳಿದ ಜನರು ನೆಲದಡಿಯ ಪಟ್ಟಣಗಳಲ್ಲಿ ವಾಸವಾಗಿದ್ದಾರೆ. ವಿಕಿರಣದ ವಿಷವು ಅಲ್ಲಿಗೂ ಇಳಿಯುತ್ತಿದೆ; ಮನುಷ್ಯಕುಲಕ್ಕೆ ಉಳಿದಿರುವುದು ಒಂದೇ ವರ್ಷ. ಆಗ ಇಸ್ಕಂದರ್ ಎಂಬ ಗ್ರಹದ ರಾಣಿ ಸ್ಟಾರ್ಶಾ ಸಂದೇಶವನ್ನು ಕಳುಹಿಸುತ್ತಾಳೆ: ಇಲ್ಲಿಗೆ ಬಂದರೆ ಭೂಮಿಯನ್ನು ಶುದ್ಧಿಮಾಡುವ ಯಂತ್ರವನ್ನು ಕೊಡುವೆನು ಎಂದು. ೧೯೪೫ರಲ್ಲಿ ಮುಳುಗಿದ ಜಪಾನೀ ಯುದ್ಧನೌಕೆ ಯಮಾತೊ ಬತ್ತಿದ ಸಮುದ್ರದ ತಳದಲ್ಲಿ ಬಿದ್ದಿರುತ್ತದೆ. ಅದನ್ನೇ ವ್ಯೋಮನೌಕೆಯಾಗಿ ಮಾರ್ಪಡಿಸಿ, ಒಕಿತಾ ಎಂಬ ವೃದ್ಧ ಕಪ್ತಾನನ ಕೈಕೆಳಗೆ, ಕೊದಾಯ್, ಶಿಮಾ, ಮೊರಿ ಯುಕಿ ಮೊದಲಾದ ತರುಣರು ಹೊರಡುತ್ತಾರೆ. ಹೋಗಿ ಬರುವುದಕ್ಕೆ ಇರುವುದು ಒಂದು ವರ್ಷ. ಪ್ರತಿಯೊಂದು ಕಂತಿನ ಕೊನೆಯಲ್ಲಿಯೂ ಇನ್ನೆಷ್ಟು ದಿನಗಳು ಉಳಿದಿವೆಯೆಂಬ ಲೆಕ್ಕವನ್ನು ತೋರಿಸುತ್ತಾರೆ.

ಮೂಲದ ನಿರ್ಮಾಪಕರು ನಿಶಿಜಾಕಿ ಯೊಶಿನೊಬು. ಅದರ ರೂಪಕಲ್ಪನೆಯಲ್ಲಿಯೂ ನಿರ್ದೇಶನದಲ್ಲಿಯೂ ಮುಖ್ಯರಾದವರು ಚಿತ್ರಕಥೆಗಾರ ಮತ್ಸುಮೊತೊ ಲೇಯ್ಜಿ. ಮೊದಲನೆಯವರು ೧೯೩೪ರಲ್ಲಿ, ಎರಡನೆಯವರು ೧೯೩೮ರಲ್ಲಿ ಹುಟ್ಟಿದವರು. ಯುದ್ಧವನ್ನೂ, ಸೋಲನ್ನೂ, ಸುಟ್ಟ ಊರುಗಳನ್ನೂ ಬಾಲ್ಯದಲ್ಲಿ ಕಂಡ ತಲೆಮಾರು ಅದು. ಮತ್ಸುಮೊತೊ ಅವರ ತಂದೆ ಸೈನ್ಯದಲ್ಲಿ ವಿಮಾನಚಾಲಕರಾಗಿದ್ದರು. ಪುನಾರಚನೆಯ ಪ್ರಧಾನ ನಿರ್ದೇಶಕರಾದ ಇಜುಬುಚಿ ಯುತಾಕ ಅವರು ಹುಟ್ಟಿದುದು ೧೯೫೮ರಲ್ಲಿ. ಮೂಲವು ಪ್ರಸಾರವಾಗುತ್ತಿದ್ದಾಗ ಅವರಿಗೆ ಹದಿನೈದು ಹದಿನಾರು ವಯಸ್ಸು. ಮೊದಲಿನವರ ಹಿಂದೆ ಇದ್ದುದು ಯುದ್ಧ; ಇವರ ಹಿಂದೆ ಇದ್ದುದು ಮೊದಲಿನವರ ಕಥೆ. ಎರಡು ಕೃತಿಗಳ ಅನೇಕ ವ್ಯತ್ಯಾಸಗಳಿಗೆ ಈ ಒಂದು ಸಂಗತಿಯೇ ಬೀಜವೆಂದು ಹೇಳಬಹುದು.

ಮೂಲವು ಹುಟ್ಟಿದೊಡನೆಯೇ ಗೆದ್ದುದಲ್ಲ. ಅದೇ ದಿನ ಅದೇ ವೇಳೆಯಲ್ಲಿ ಇನ್ನೊಂದು ನಿಲಯದವರು ‘ಹೈಡಿ’ ಎಂಬ ಜನಪ್ರಿಯ ಮಾಲಿಕೆಯನ್ನು ತೋರಿಸುತ್ತಿದ್ದರು. ನೋಡುವವರು ಕಡಮೆಯಾಗಿ, ೩೯ ಕಂತುಗಳಲ್ಲಿ ಹೇಳಬೇಕೆಂದಿದ್ದ ಕಥೆಯನ್ನು ೨೬ಕ್ಕೆ ಇಳಿಸಬೇಕಾಯಿತು. ೧೯೭೭ನೆಯ ಆಗಸ್ಟ್ ತಿಂಗಳಲ್ಲಿ ಕಂತುಗಳನ್ನು ಸಂಗ್ರಹಿಸಿ ಚಲಚ್ಚಿತ್ರವಾಗಿ ಹೊರತಂದಾಗ ತರುಣರು ಮುಗಿಬಿದ್ದು ನೋಡಿದರು. ಈ ಹ್ರಸ್ವೀಕರಣದ ಗುರುತುಗಳು ಮೂಲದಲ್ಲಿ ಕಾಣುತ್ತವೆ. ಹೋಗುವ ದಾರಿಗೆ ಇಪ್ಪತ್ತಕ್ಕೂ ಹೆಚ್ಚು ಕಂತುಗಳು ಸಂದರೆ, ಬರುವ ದಾರಿಗೆ ಒಂದೆರಡು ಮಾತ್ರ ಮಿಕ್ಕಿವೆ. ಆದರೆ ಹೊಸ ಕೃತಿಗೆ ಅಂತಹ ಒತ್ತಡವಿಲ್ಲದಿದ್ದರೂ ಅದೂ ಇದೇ ಪ್ರಮಾಣವನ್ನು ಇಟ್ಟುಕೊಂಡಿದೆಯೆಂಬುದನ್ನು ಗಮನಿಸಬೇಕು. ಆಕಸ್ಮಿಕವಾಗಿ ಒದಗಿದ ರೂಪವೂ ಕಾಲಾಂತರದಲ್ಲಿ ಸಂಪ್ರದಾಯವಾಗಿಬಿಡುತ್ತದೆ.

೨. ನೌಕೆಯ ಹೆಸರು

ಯಮಾತೊ ಎಂಬುದು ಜಪಾನ್ ದೇಶದ ಪ್ರಾಚೀನ ನಾಮ. ಅದೇ ಹೆಸರಿನ ಯುದ್ಧನೌಕೆಯು ೧೯೪೧ನೆಯ ಡಿಸೆಂಬರಿನಲ್ಲಿ ನೌಕಾಪಡೆಯನ್ನು ಸೇರಿತು. ಅದರ ೪೬ ಸೆಂಟಿಮೀಟರ್ ಫಿರಂಗಿಗಳಿಗಿಂತ ದೊಡ್ಡವು ಬೇರಾವ ಯುದ್ಧನೌಕೆಯ ಮೇಲೂ ಇರಲಿಲ್ಲ. ೧೯೪೫ನೆಯ ಏಪ್ರಿಲ್ ತಿಂಗಳಲ್ಲಿ ಅದನ್ನು ಒಕಿನಾವಾ ದ್ವೀಪದ ಕಡೆಗೆ, ಹಿಂದಿರುಗುವ ಆಶೆಯಿಲ್ಲದೆ ಕಳುಹಿಸಿದರು. ಏಪ್ರಿಲ್ ೭ರಂದು ಅಮೆರಿಕದ ವಿಮಾನಗಳು ಅದನ್ನು ಮುಳುಗಿಸಿದುವು. ಸುಮಾರು ಮೂರು ಸಾವಿರ ಮಂದಿ ಅದರೊಡನೆ ಸತ್ತರು. ಹೊಸ ಕೃತಿಯು ಚಿತ್ರಮಂದಿರಕ್ಕೆ ಬಂದ ದಿನವೂ, ಟೆಲಿವಿಷನ್ನಿಗೆ ಬಂದ ದಿನವೂ ಏಪ್ರಿಲ್ ೭ ಆಗಿರುವುದನ್ನು ವಾಚಕರು ಮೇಲೆಯೇ ನೋಡಿರುವರು.

ಇಂತಹ ನೌಕೆಯನ್ನು ಕಥೆಯ ನಾಯಕಸ್ಥಾನದಲ್ಲಿಡುವುದು ಅಪಾಯದ ಕೆಲಸ. ಸೋತ ಯುದ್ಧವನ್ನು ಕಲ್ಪನೆಯಲ್ಲಿ ಗೆಲ್ಲುವ ಹಂಬಲವೆಂಬ ಆಕ್ಷೇಪಣೆ ಬರುವುದು ಸಹಜ, ಬಂದೂ ಇದೆ. ಆದರೆ ಮೂಲದವರು ಮಾಡಿದ ಒಂದು ಬದಲಾವಣೆಯು ಈ ಆಕ್ಷೇಪಣೆಗೆ ಬಹುಮಟ್ಟಿಗೆ ಉತ್ತರವಾಗಿದೆ. ಚರಿತ್ರೆಯ ನೌಕೆ ಹೋದುದು ಸಾಯುವುದಕ್ಕೆ. ಕಥೆಯ ನೌಕೆ ಹಿಂದಿರುಗಿ ಬರಲೇಬೇಕು. ಬಾರದಿದ್ದರೆ ಅದು ಹೋದುದೇ ವ್ಯರ್ಥ. ಮೊದಲನೆಯ ಕಂತಿನಲ್ಲಿಯೇ ಈ ತತ್ತ್ವವು ಪಾತ್ರಗಳ ಮೂಲಕ ಪ್ರತ್ಯಕ್ಷವಾಗುತ್ತದೆ. ಪ್ಲೂಟೋ ಗ್ರಹದ ಬಳಿ ಭೂಮಿಯ ಪಡೆ ನಾಶವಾಗುತ್ತಿರುವಾಗ ಒಕಿತಾ ಹಿಮ್ಮೆಟ್ಟುತ್ತಾನೆ; ಕೊದಾಯ್‌ನ ಅಣ್ಣನಾದ ಮಾಮೊರು, ಯುಕಿಕಜೆ ಎಂಬ ತನ್ನ ಹಡಗಿನೊಡನೆ ಹಿಮ್ಮೆಟ್ಟಲೊಲ್ಲದೆ ಶತ್ರುಗಳ ಮೇಲೆ ಬೀಳುತ್ತಾನೆ. ಅಣ್ಣನನ್ನು ಬಿಟ್ಟುಬಂದವನೆಂದು ಕೊದಾಯ್ ಒಕಿತಾನನ್ನು ದ್ವೇಷಿಸುತ್ತಾನೆ. ಯಮಾತೊ ನೌಕೆಯ ಕೊನೆಯ ಪಯಣದಲ್ಲಿ ಬೆಂಗಾವಲಾಗಿದ್ದು ಸುರಕ್ಷಿತವಾಗಿ ಉಳಿದುಬಂದ ಹಡಗಿನ ಹೆಸರೂ ಯುಕಿಕಜೆಯೇ. ಚರಿತ್ರೆಯಲ್ಲಿ ಉಳಿದುದು ಕಥೆಯಲ್ಲಿ ಸಾಯುತ್ತದೆ, ಚರಿತ್ರೆಯಲ್ಲಿ ಸತ್ತುದು ಕಥೆಯಲ್ಲಿ ಬದುಕಿಬರುತ್ತದೆ. ಬದುಕಿ ಉಳಿಯುವುದಕ್ಕೂ ಧೈರ್ಯ ಬೇಕೆಂಬುದನ್ನು ಕೊದಾಯ್ ಕಲಿಯುವುದೇ ಮೂಲದ ಅಂತರಂಗದ ಕಥೆ.

ಆ ನೌಕೆಯು ಮೇಲೇಳುವ ದೃಶ್ಯವನ್ನು ಮೂಲದಲ್ಲಿ ನೋಡಿದವರು ಮರೆಯಲಾರರು. ಎರಡನೆಯ ಕಂತು ೧೯೪೫ರ ಮುಳುಗಡೆಯನ್ನು ವಿಸ್ತರಿಸಿ ತೋರಿಸಿ, ಅನಂತರ ಕೆಂಪುನೆಲದಲ್ಲಿ ಹೂತ ತುಕ್ಕುಹಿಡಿದ ಒಡಲನ್ನು ಮುಂದಿಡುತ್ತದೆ. ಮಣ್ಣು ಬಿರಿಯುತ್ತದೆ; ತುಕ್ಕಿನ ಪದರಗಳು ಕಳಚಿ ಬೀಳುತ್ತವೆ; ಹೆಣವೆಂದು ಕಂಡುದು ಏಳುತ್ತದೆ. ಸತ್ತವರ ಮೈಯೊಳಗಿನಿಂದಲೇ ಬದುಕಬೇಕಾದವರು ಹೊರಟರೆಂಬ ಭಾವ ಇಲ್ಲಿ ಮಾತಿನ ಸಹಾಯವಿಲ್ಲದೆ ಮೂಡುತ್ತದೆ. ಹೊಸ ಕೃತಿಯಲ್ಲಿ ಈ ದೃಶ್ಯದ ಬಣ್ಣ, ಬೆಳಕು, ಚಲನೆ ಎಲ್ಲವೂ ಮೂಲಕ್ಕಿಂತ ಮಿಗಿಲು. ಆದರೆ ಅಲ್ಲಿಯ ವ್ಯೋಮನೌಕೆಯು ಹಳೆಯ ನೌಕೆಯ ಮಾರ್ಪಾಡಲ್ಲ. ಶತ್ರುಗಳ ಕಣ್ಣುತಪ್ಪಿಸುವುದಕ್ಕಾಗಿ ಮುಳುಗಿದ ಹಡಗಿನ ವೇಷವನ್ನು ತೊಡಿಸಿ ಹೊಸದಾಗಿ ಕಟ್ಟಿದುದು. ಯುಕ್ತಿಯ ದೃಷ್ಟಿಯಿಂದ ಇದು ಹೆಚ್ಚು ಸಂಭಾವ್ಯ. ಎರಡೂವರೆ ಶತಮಾನ ಉಪ್ಪುನೀರಿನಲ್ಲಿ ಕೊಳೆತ, ಮುಳುಗುವಾಗಲೇ ಸ್ಫೋಟದಿಂದ ಮುರಿದ ಕಬ್ಬಿಣದಿಂದ ವ್ಯೋಮನೌಕೆಯಾಗುವುದುಂಟೆ ಎಂದು ಯಾರೂ ಕೇಳುವಂತಿಲ್ಲ. ಆದರೆ ಪುನರುತ್ಥಾನವಾಗಿದ್ದುದು ವೇಷವಾಯಿತು. ಸಂಭಾವ್ಯತೆಯನ್ನು ಗಳಿಸುವುದಕ್ಕೆ ತೆತ್ತ ಬೆಲೆ ಇದು. ಮುಂದೆಯೂ ಇಂತಹ ವಿನಿಮಯವನ್ನೇ ಹೊಸ ಕೃತಿಯು ಮತ್ತೆ ಮತ್ತೆ ಮಾಡುವುದನ್ನು ಕಾಣುವೆವು.

೩. ಹೊಸದರ ಗುಣಗಳು

ಹೀಗೆಂದಮಾತ್ರಕ್ಕೆ ಹೊಸ ಕೃತಿಯ ತಿದ್ದುಪಡಿಗಳೆಲ್ಲ ನಷ್ಟವೆಂದು ಭಾವಿಸಕೂಡದು. ಹಲವು ತಿದ್ದುಪಡಿಗಳು ನಿಸ್ಸಂದೇಹವಾಗಿ ಲಾಭಕರವಾದುವು. ಕೆಲವು ಕೇವಲ ಶಾಸ್ತ್ರಕ್ಕೆ ಸಂಬಂಧಪಟ್ಟುವು: ಇಸ್ಕಂದರ್ ಇರುವ ದೊಡ್ಡ ಮೆಗಲಾನಿಕ್ ಮೇಘದ ದೂರವು ಮೂಲದಲ್ಲಿ ೧,೪೮,೦೦೦ ಜ್ಯೋತಿರ್ವರ್ಷಗಳು, ಹೊಸದರಲ್ಲಿ ೧,೬೮,೦೦೦; ಅಣ್ಣನ ಹಡಗಿನ ಅವಶೇಷವನ್ನು ಕೊದಾಯ್ ಕಾಣುವುದು ಮೂಲದಲ್ಲಿ ಶನಿಯ ಟೈಟನ್ ಎಂಬ ಉಪಗ್ರಹದಲ್ಲಿ, ಹೊಸದರಲ್ಲಿ ಎನ್ಸೆಲಾಡಸ್ ಎಂಬ ಉಪಗ್ರಹದಲ್ಲಿ. ಎನ್ಸೆಲಾಡಸ್‌ನಿಂದ ಹಿಮದ ಚಿಲುಮೆಗಳು ಚಿಮ್ಮುವುದನ್ನು ಕಸ್ಸೀನಿ ವ್ಯೋಮಯಂತ್ರವು ೨೦೦೫ರಲ್ಲಿ ಕಂಡುಹಿಡಿದ ಮೇಲೆ ಆ ಉಪಗ್ರಹವೇ ಜನರ ಕಲ್ಪನೆಯನ್ನು ಸೆಳೆದುಕೊಂಡಿದೆ. ಇವುಗಳಿಂದ ಕಥೆಯ ತಿರುಳಿಗೆ ಬಾಧಕವೂ ಇಲ್ಲ, ಪೋಷಕವೂ ಇಲ್ಲ.

ಸ್ತ್ರೀಪಾತ್ರಗಳ ವಿಷಯದಲ್ಲಿ ಆಗಿರುವ ಬದಲಾವಣೆ ಇದಕ್ಕಿಂತ ಮಹತ್ತ್ವದ್ದು. ಮೂಲದ ನೌಕೆಯಲ್ಲಿ ಪ್ರಧಾನಪಾತ್ರವೆಂದು ಹೇಳಬಹುದಾದ ಸ್ತ್ರೀ ಮೊರಿ ಯುಕಿ ಒಬ್ಬಳೇ. ಅವಳನ್ನೂ ಯಂತ್ರಮಾನವನೊಬ್ಬನ ಅಗ್ಗದ ಚೇಷ್ಟೆಗಳಿಗೆ ಗುರಿಮಾಡಿದ್ದಾರೆ. ಹೊಸದರಲ್ಲಿ ಆ ಹಾಸ್ಯ ಹೋಗಿದೆ. ಮೂಲದಲ್ಲಿ ಪುರುಷನಾಗಿದ್ದ ವಿಮಾನಯೋಧ ಯಮಾಮೊತೊ ಇಲ್ಲಿ ಸ್ತ್ರೀ. ವೈದ್ಯಶಾಲೆಯಲ್ಲಿಯೂ ಬೇರೆ ವಿಭಾಗಗಳಲ್ಲಿಯೂ ಸ್ತ್ರೀಯರಿದ್ದಾರೆ. ಆದರೆ ಅವರಲ್ಲಿ ಅನೇಕರ ಉಡುಪನ್ನು ಮೈಗೆ ಅಂಟುವಂತೆ ಬರೆದಿರುವುದನ್ನು ನೋಡಿದರೆ, ಒಂದು ಬಾಗಿಲಿಂದ ಹೊರಗೆ ಹಾಕಿದ ದೋಷ ಇನ್ನೊಂದು ಬಾಗಿಲಿಂದ ಒಳಗೆ ಬಂದಿತೆನ್ನದೆ ವಿಧಿಯಿಲ್ಲ.

ಎಲ್ಲಕ್ಕಿಂತಲೂ ಚಮತ್ಕಾರವಾದ ತಿದ್ದುಪಡಿ ಶತ್ರುಗಳ ಮೈಬಣ್ಣಕ್ಕೆ ಸಂಬಂಧಪಟ್ಟುದು. ಮೂಲದ ಮೊದಲ ಕಂತುಗಳಲ್ಲಿ ಗಮಿಲಸ್ಸಿನ ಸೇನಾನಿ ಶುಲ್ಟ್ಜ್ ಮತ್ತು ಅವನ ಕಡೆಯವರು ಮನುಷ್ಯರಂತೆಯೇ ಮೈಬಣ್ಣವುಳ್ಳವರು. ಕಥೆ ಸ್ವಲ್ಪ ದೂರ ನಡೆದಮೇಲೆ ಗಮಿಲಸ್ಸಿನವರೆಲ್ಲ ನೀಲವರ್ಣದವರಾಗುತ್ತಾರೆ. ಇದು ಚಿತ್ರಕಾರರು ನಡುದಾರಿಯಲ್ಲಿ ಮನಸ್ಸು ಬದಲಾಯಿಸಿದುದರ ಫಲ. ಮೂಲದಲ್ಲಿ ಇದಕ್ಕೆ ಸಮಾಧಾನವಿಲ್ಲ. ಇಜುಬುಚಿ ಅವರು ಈ ವೈಷಮ್ಯವನ್ನು ಒರಸಿಹಾಕಬಹುದಾಗಿತ್ತು. ಹಾಗೆ ಮಾಡದೆ ಅದನ್ನೇ ಅರ್ಥವತ್ತಾಗಿ ಮಾಡಿದರು. ಅವರ ಕೃತಿಯಲ್ಲಿ ಶುಲ್ಟ್ಜ್ ಗಮಿಲಸ್ಸಿನವನಲ್ಲ. ಗಮಿಲಸ್ ಗೆದ್ದು ಸೇರಿಸಿಕೊಂಡ ಜಾಲ್ಟ್ಸ್ ಎಂಬ ಗ್ರಹದವನು, ಸಾಮ್ರಾಜ್ಯದ ಎರಡನೆಯ ದರ್ಜೆಯ ಪ್ರಜೆ. ನೀಲವರ್ಣದವರಿಂದ ಕೀಳ್ಗಣ್ಣಿಗೆ ಗುರಿಯಾಗಿಯೂ ಅವರಿಗಿಂತ ಹೆಚ್ಚಿನ ನಿಷ್ಠೆಯಿಂದ ಅವರಿಗಾಗಿಯೇ ಸಾಯುತ್ತಾನೆ. ಹಳೆಯ ಕೃತಿಯ ಒಂದು ಪ್ರಮಾದದಿಂದ ಹೊಸ ಕೃತಿಯು ಒಂದು ಸಾಮ್ರಾಜ್ಯದ ರಾಜನೀತಿಯನ್ನೇ ಬೆಳೆಯಿಸಿತು. ಪುನಾರಚನೆಯ ಪ್ರತಿಭೆ ಎಂದರೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು.

೪. ಶತ್ರುವಿನ ಮುಖ

ಮೂಲದ ಗಮಿಲಸ್, ಜರ್ಮನಿಯ ನಾಜಿ ಆಳ್ವಿಕೆಯ ಛಾಯೆಯಲ್ಲಿ ಬರೆದ ಚಿತ್ರ. ಅಧಿಪತಿ ದೆಸ್ಲರ್, ಅವನ ಅನುಚರ ಹಿಸ್, ಸೇನಾಪತಿ ದೊಮೆಲ್ ಇವರ ಹೆಸರುಗಳಲ್ಲಿಯೇ ಆ ಛಾಯೆ ಇದೆ. ತಮ್ಮ ಗ್ರಹ ಸಾಯುತ್ತಿರುವುದರಿಂದ ಭೂಮಿಯನ್ನು ತಮ್ಮ ವಾಸಕ್ಕೆ ತಕ್ಕಂತೆ ಮಾಡಿಕೊಂಡು ಅಲ್ಲಿಗೆ ಹೋಗಬೇಕೆಂಬುದು ಅವರ ಉದ್ದೇಶ. ಅಲ್ಲಿ ನಮಗೆ ಕಾಣುವವರು ಸೈನಿಕರು, ಸೇನಾನಿಗಳು, ಆಸ್ಥಾನಿಕರು; ಸಾಮಾನ್ಯ ಪ್ರಜೆಗಳು ಕಾಣುವುದೇ ಅಪರೂಪ. ಆದರೂ ಮೂಲವು ಶತ್ರುವನ್ನು ಕೇವಲ ಪಿಶಾಚಿಯಾಗಿ ಬಿಟ್ಟಿಲ್ಲ. ಹದಿಮೂರನೆಯ ಕಂತಿನಲ್ಲಿ ಒಬ್ಬ ಗಮಿಲಸ್ ಸೈನಿಕ ಸೆರೆಸಿಕ್ಕುತ್ತಾನೆ. ಗ್ರಹಬಾಂಬಿನಿಂದ ಸತ್ತ ತನ್ನ ತಂದೆತಾಯಿಗಳನ್ನು ನೆನೆದು ಕೊದಾಯ್ ಅವನನ್ನು ಕೊಲ್ಲಲು ಮುನ್ನುಗ್ಗುತ್ತಾನೆ. ಕೊನೆಗೆ ಅವನನ್ನು ಬಿಟ್ಟುಕಳುಹಿಸುತ್ತಾನೆ. ಇಡೀ ಕಂತಿನಲ್ಲಿ ರಾಜಕೀಯದ ಮಾತೇ ಇಲ್ಲ. ಎದುರಿಗಿರುವವನ ಮೈಯೂ ತನ್ನ ಮೈಯಂತೆಯೇ ಎಂಬ ಒಂದು ಅರಿವು ಮಾತ್ರ.

ಹೊಸ ಕೃತಿಯಲ್ಲಿ ಈ ಸೆರೆಯಾಳಿನ ಸ್ಥಾನದಲ್ಲಿ ಮೆಲ್ಡಾ ಡಿಟ್ಸ್ ಎಂಬ ವಿಮಾನಯೋಧೆ ಬರುತ್ತಾಳೆ. ಅವಳು ಮಾತನಾಡುತ್ತಾಳೆ, ವಾದಿಸುತ್ತಾಳೆ. ಮೊದಲು ಗುಂಡು ಹಾರಿಸಿದವರು ನೀವೇ ಎನ್ನುತ್ತಾಳೆ. ವಿಚಾರಿಸಿ ನೋಡಿದರೆ ಅದು ನಿಜ. ಮೊದಲನೆಯ ಭೇಟಿಯಲ್ಲಿ, ಒಕಿತಾ ವಿರೋಧಿಸಿದರೂ ಕೇಳದೆ, ಭೂಮಿಯ ಅಧಿಕಾರಿಗಳು ದಾಳಿಗೆ ಆಜ್ಞೆಕೊಟ್ಟಿದ್ದರು. ಆ ಆಜ್ಞೆಯನ್ನು ನಡೆಯಿಸಿದ ಹಡಗಿನ ಕಪ್ತಾನನು ನೌಕೆಯ ಚಾಲಕನಾದ ಶಿಮಾನ ತಂದೆ. ವೀರನೆಂದು ತಾನು ಪೂಜಿಸುತ್ತಿದ್ದ ತಂದೆಯ ಕೈಯಿಂದಲೇ ಯುದ್ಧ ಹತ್ತಿತೆಂದು ಮಗನು ತಿಳಿಯುತ್ತಾನೆ. ಹೊಸ ಕೃತಿಯಲ್ಲಿ ಇದಕ್ಕಿಂತ ನಾಟಕೀಯವಾದ, ಇದಕ್ಕಿಂತ ಧೀರವಾದ ಕಲ್ಪನೆ ಮತ್ತೊಂದಿಲ್ಲ. ತಮ್ಮ ಪಕ್ಷ ನಿರ್ದೋಷವೆಂದು ನಂಬಿಕೊಂಡು ಬಂದ ಪ್ರೇಕ್ಷಕರ ಕಾಲಕೆಳಗಿನ ನೆಲವನ್ನೇ ಅದು ಸರಿಸುತ್ತದೆ.

ಇಷ್ಟೇ ಅಲ್ಲದೆ, ಗಮಿಲಸ್ಸಿನ ರಾಜಧಾನಿಯ ಬೀದಿಗಳು, ಅಲ್ಲಿಯ ಮಕ್ಕಳು, ಸಾಮ್ರಾಜ್ಯದ ಸೆರೆಮನೆಗಳು, ಅಧಿಪತಿಯನ್ನು ಗುಟ್ಟಾಗಿ ವಿರೋಧಿಸುವವರು ಎಲ್ಲರೂ ಕಾಣಿಸಿಕೊಳ್ಳುತ್ತಾರೆ. ದೊಮೆಲ್‌ನ ಪತ್ನಿಯೇ ಆ ವಿರೋಧಿಗಳಲ್ಲಿ ಒಬ್ಬಳು. ಮೂಲದಲ್ಲಿ ಹೆಸರುಮಾತ್ರವಾಗಿದ್ದ ದೇಶ ಇಲ್ಲಿ ಜನರಿಂದ ತುಂಬಿದೆ.

೫. ಗಮಿಲಸ್ಸಿನ ನಾಶ

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಮೂಲದ ಇಪ್ಪತ್ತನಾಲ್ಕನೆಯ ಕಂತಿನಲ್ಲಿ ಯಮಾತೊ ಗಮಿಲಸ್ ಗ್ರಹಕ್ಕೇ ಎಳೆಯಲ್ಪಟ್ಟು, ಆಮ್ಲದ ಸಮುದ್ರದಲ್ಲಿ ಸಿಕ್ಕಿಕೊಂಡು, ದೆಸ್ಲರನ ದಾಳಿಗೆ ಗುರಿಯಾಗುತ್ತದೆ. ಒಕಿತಾನ ಆಜ್ಞೆಯಂತೆ ನೌಕೆಯು ಸಮುದ್ರದೊಳಕ್ಕೆ ಇಳಿದು, ತನ್ನ ಮಹಾಸ್ತ್ರವಾದ ತರಂಗಫಿರಂಗಿಯನ್ನು ಜ್ವಾಲಾಮುಖಿಗಳ ಸಾಲಿನ ಮೇಲೆ ಪ್ರಯೋಗಿಸುತ್ತದೆ. ಪರ್ವತಗಳು ಸಿಡಿಯುತ್ತವೆ. ಸೋಲನ್ನು ಒಪ್ಪದ ದೆಸ್ಲರ್ ಹೋರಾಟವನ್ನು ನಿಲ್ಲಿಸುವುದಿಲ್ಲ. ಹೋರಾಟ ಮುಗಿಯುವ ವೇಳೆಗೆ ಪಟ್ಟಣವೂ ಇಲ್ಲ, ಜನವೂ ಇಲ್ಲ. ಕೊದಾಯ್ ಮತ್ತು ಯುಕಿ ಆ ಅವಶೇಷಗಳ ಮುಂದೆ ನಿಲ್ಲುತ್ತಾರೆ. ಬದುಕಬೇಕೆಂಬ ಆಸೆ ಅವರಿಗೂ ಇತ್ತಲ್ಲವೆ, ನಾವು ಮಾಡಬೇಕಾಗಿದ್ದುದು ಯುದ್ಧವಲ್ಲ, ಪ್ರೀತಿ ಎಂಬ ಅರ್ಥದ ಮಾತುಗಳನ್ನಾಡಿ ಕೊದಾಯ್ ತನ್ನ ಬಂದೂಕವನ್ನು ಎಸೆಯುತ್ತಾನೆ.

ಮೂಲದ ಕಂಬ ಇದೇ. ಭೂಮಿಯನ್ನು ಉಳಿಸಹೊರಟವರು ಇನ್ನೊಂದು ಭೂಮಿಯನ್ನು ಕೊಂದರು. ಬೇರೆ ದಾರಿಯಿರಲಿಲ್ಲವೆಂಬುದು ನಿಜ. ಕೊಂದವರು ತಾವೇ ಎಂಬುದೂ ಅಷ್ಟೇ ನಿಜ. ಇಪ್ಪತ್ತಮೂರು ಕಂತುಗಳ ವರೆಗೆ ನೌಕೆಯ ಜಯಕ್ಕಾಗಿ ಹಾರೈಸಿದ ಪ್ರೇಕ್ಷಕನು, ತಾನು ಹಾರೈಸಿದುದು ಇದನ್ನೇ ಎಂದು ಇಲ್ಲಿ ತಿಳಿಯುತ್ತಾನೆ. ಬಾಂಬಿಗೆ ತುತ್ತಾದ ದೇಶದ ಕಥೆಗಾರರು, ಆ ಗಾಯವನ್ನು ಭೂಮಿಯ ಮೈಮೇಲೆ ಚಿತ್ರಿಸಿ, ಅನಂತರ ಅದೇ ಗಾಯವನ್ನು ತಮ್ಮ ನಾಯಕರ ಕೈಯಿಂದಲೇ ಇನ್ನೊಬ್ಬರ ಮೈಮೇಲೆ ಮಾಡಿಸಿದರು. ದುಃಖಪಡುವ ಹಕ್ಕು ಸೋತವರಿಗೆ ಮಾತ್ರವಲ್ಲ, ಗೆದ್ದವರಿಗೂ ಅದು ಕರ್ತವ್ಯವೆಂದು ಹೇಳುವ ಧೈರ್ಯ ಅವರಿಗಿತ್ತು.

ಹೊಸ ಕೃತಿಯಲ್ಲಿ ಈ ಘಟನೆಯೇ ನಡೆಯುವುದಿಲ್ಲ. ಅಲ್ಲಿ ದೆಸ್ಲರನೇ, ಆಕಾಶದಲ್ಲಿ ಕಟ್ಟಿಸಿದ ತನ್ನ ಕೋಟೆಯ ಒಂದು ಮಹಾಖಂಡವನ್ನು ಕಳಚಿ ತನ್ನ ರಾಜಧಾನಿಯ ಮೇಲೆಯೇ ಕೆಡಹುತ್ತಾನೆ. ಯಮಾತೊ ತರಂಗಫಿರಂಗಿಯಿಂದ ಆ ಖಂಡವನ್ನು ನಡುವಾನಿನಲ್ಲಿಯೇ ಚೂರುಮಾಡಿ ಶತ್ರುಗಳ ಪಟ್ಟಣವನ್ನು ಕಾಪಾಡುತ್ತದೆ. ಗಮಿಲಸ್ಸಿನ ಜನರು ಬೆರಗಾಗಿ ನೋಡುತ್ತಾರೆ. ದೃಶ್ಯ ರೋಮಾಂಚಕಾರಿ, ಅದರ ಆಶಯ ಉದಾತ್ತ. ನಗರಗಳನ್ನು ನಾಶಮಾಡಿದ ಅಸ್ತ್ರವೇ ನಗರವನ್ನು ಉಳಿಸಿತೆಂಬುದರಲ್ಲಿ ಕವಿತ್ವವೂ ಇದೆ. ಆದರೆ ಮೂಲದ ಕೊದಾಯ್ ಬಂದೂಕವನ್ನು ಎಸೆದು ಆಡಿದ ಮಾತುಗಳಿಗೆ ಇಲ್ಲಿ ಅವಕಾಶವೇ ಇಲ್ಲ. ಪಶ್ಚಾತ್ತಾಪಪಡಬೇಕಾದ ಕಾರ್ಯವನ್ನೇ ನೌಕೆಯವರು ಮಾಡಿಲ್ಲ.

ನಾಯಕನ ಕೈಗೆ ರಕ್ತ ಹತ್ತದಂತೆ ಕಥೆಯನ್ನು ತಿರುಗಿಸುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ವಾಲ್ಮೀಕಿಯ ರಾಮನು ರಾವಣನನ್ನು ಕೊಲ್ಲುತ್ತಾನೆ; ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ, ಜೈನಸಂಪ್ರದಾಯದಂತೆ, ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಅಲ್ಲಿಯೂ ಶತ್ರುವು ಉದಾತ್ತನಾದನು, ನಾಯಕನು ಶುದ್ಧನಾದನು. ಎರಡು ದೇಶಗಳ ಈ ಎರಡು ಕಥೆಗಳಿಗೆ ಸಂಬಂಧವೇನೂ ಇಲ್ಲ. ಆದರೆ ಹೋಲಿಸಿ ನೋಡಿದರೆ ಒಂದು ನಿಯಮ ತಿಳಿಯುತ್ತದೆ. ಜೈನರಾಮಾಯಣದ ಪರಂಪರೆಯು ವಧೆಯನ್ನು ರಾಮನ ಕೈಯಿಂದ ತಪ್ಪಿಸಿತೇ ಹೊರತು ವಧೆಯ ಫಲವನ್ನು ಮಾಯಮಾಡಲಿಲ್ಲ. ಅದನ್ನು ಲಕ್ಷ್ಮಣನು ಹೊತ್ತು ನರಕಕ್ಕೆ ಹೋಗುತ್ತಾನೆ. ಕರ್ಮವನ್ನು ಒಬ್ಬನಿಂದ ಎತ್ತಿದರೆ ಇನ್ನೊಬ್ಬನ ಮೇಲೆ ಇಡಬೇಕು. ಹಾಗಾದರೆ ‘೨೧೯೯’ರಲ್ಲಿ ಅದನ್ನು ಯಾರ ಮೇಲೆ ಇಟ್ಟಿದ್ದಾರೆ?

೬. ಒಂದು ಸಮಾಧಾನ ಮತ್ತು ಅದರ ಪರೀಕ್ಷೆ

ಹೊಸ ಕೃತಿಯ ಪಕ್ಷದವರು ಹೀಗೆ ಉತ್ತರ ಹೇಳಬಹುದು. ಅಪರಾಧವನ್ನು ತೆಗೆದುಹಾಕಿಲ್ಲ, ಸ್ಥಳಾಂತರಿಸಿದೆ. ಮೊದಲನೆಯದಾಗಿ, ಯುದ್ಧವನ್ನು ಪ್ರಾರಂಭಿಸಿದವರು ಭೂಮಿಯವರೇ. ಎರಡನೆಯದಾಗಿ, ತರಂಗಫಿರಂಗಿಯೆಂಬ ಅಸ್ತ್ರವೇ ಪಾಪವೆಂದು ಹೊಸ ಕೃತಿ ಸಾರುತ್ತದೆ. ಇಸ್ಕಂದರಿನ ಪೂರ್ವಿಕರು ಅಂತಹದೇ ಅಸ್ತ್ರದಿಂದ ಲೋಕಗಳನ್ನು ಗೆದ್ದು ಸಾಮ್ರಾಜ್ಯವಾಳಿದ್ದರು. ಭೂಮಿಯವರೂ ಅದನ್ನು ಮಾಡಿಕೊಂಡಿರುವರೆಂದು ತಿಳಿದು ಸ್ಟಾರ್ಶಾ ಭೂಮಿಯನ್ನು ಉಳಿಸುವ ಸಾಧನವನ್ನು ಕೊಡುವುದಕ್ಕೆ ಹಿಂದೆಗೆಯುತ್ತಾಳೆ. ಕೊನೆಗೆ ಫಿರಂಗಿಯ ಬಾಯನ್ನು ಮುಚ್ಚಿ, ನೌಕೆಯನ್ನೇ ಶುದ್ಧೀಕರಣಯಂತ್ರವಾಗಿ ಮಾರ್ಪಡಿಸುತ್ತಾರೆ. ಕೊಲ್ಲುವ ನೌಕೆ ಕಾಯುವ ನೌಕೆಯಾಗುತ್ತದೆ.

ಈ ಉತ್ತರದಲ್ಲಿ ಸಾರವಿದೆ. ಮೂಲದಲ್ಲಿ ತರಂಗಫಿರಂಗಿಯು ಬಹುಮಟ್ಟಿಗೆ ಒಂದು ಬೆರಗಿನ ಯಂತ್ರ. ಅದರ ಧರ್ಮಾಧರ್ಮಗಳನ್ನು ಕುರಿತು ಅಲ್ಲಿ ಚಿಂತನೆ ಅಲ್ಪ. ಹೊಸದರಲ್ಲಿ ಅಸ್ತ್ರಕ್ಕೊಂದು ಚರಿತ್ರೆ ಬಂದಿದೆ. ಅಸ್ತ್ರವನ್ನು ಪಡೆದವನು ಸಾಮ್ರಾಟನಾಗುವನೆಂಬ ಭಯವೂ ಬಂದಿದೆ. ೨೦೧೭ರಿಂದ ೨೦೧೯ರ ವರೆಗೆ ಬಂದ ‘ಯಮಾತೊ ೨೨೦೨’ ಎಂಬ ಉತ್ತರಭಾಗದಲ್ಲಿ ಭೂಮಿಯವರು ಸ್ಟಾರ್ಶಾಳಿಗೆ ಕೊಟ್ಟ ಮಾತನ್ನು ಮುರಿದು ಅಂತಹ ಫಿರಂಗಿಗಳ ಪಡೆಯನ್ನೇ ಕಟ್ಟುವುದು ಈ ಬೀಜದಿಂದಲೇ ಹುಟ್ಟಿದ ಕಥೆ.

ಆದರೂ ಸ್ಥಳಾಂತರವಾದ ಅಪರಾಧಗಳನ್ನು ಒಂದೊಂದಾಗಿ ನೋಡಿದರೆ ಒಂದು ಸಂಗತಿ ಹೊರಬೀಳುತ್ತದೆ. ಮೊದಲ ಗುಂಡು ಭೂಮಿಯ ಅಧಿ��ಾರಿಗಳ ಅಪರಾಧ. ಅದನ್ನು ಒಕಿತಾ ವಿರೋಧಿಸಿದ್ದನು. ಅದನ್ನು ಹಾರಿಸಿದವನು ಶಿಮಾನ ತಂದೆ, ಶಿಮಾ ಅಲ್ಲ. ಸಾಮ್ರಾಜ್ಯ ಗಮಿಲಸ್ಸಿನದು, ಅಸ್ತ್ರದ ಪೂರ್ವಪಾಪ ಇಸ್ಕಂದರಿನದು, ನಗರನಾಶದ ಯತ್ನ ದೆಸ್ಲರನದು. ಈ ಲೋಕದಲ್ಲಿ ಪಾಪವು ಎಲ್ಲೆಲ್ಲಿಯೂ ಇದೆ. ನಾವು ಪ್ರೀತಿಸುವ ನೌಕೆಯ ಮೇಲೆ ಮಾತ್ರ ಇಲ್ಲ. ಅವರು ಅಪರಾಧದ ವಿಷಯವನ್ನು ಕೇಳಿ ತಿಳಿಯುತ್ತಾರೆ, ನೋಡಿ ಮರುಗುತ್ತಾರೆ, ಮಾಡಿ ಬೇಯುವುದಿಲ್ಲ. ಪಿತೃಗಳ ಪಾಪವನ್ನು ಅರಿಯುವುದು ಒಂದು ದುಃಖ. ತನ್ನ ಕೈಯ ಪಾಪವನ್ನು ಅರಿಯುವುದು ಬೇರೊಂದು ದುಃಖ. ಯುದ್ಧವನ್ನು ಬಲ್ಲ ತಲೆಮಾರು ಎರಡನೆಯದನ್ನು ಬರೆಯಿತು. ಯುದ್ಧದ ಕಥೆಯನ್ನು ಬಲ್ಲ ತಲೆಮಾರು ಮೊದಲನೆಯದನ್ನು ಬರೆಯಿತು. ತಾನು ಮಾಡದ ಯುದ್ಧಕ್ಕೆ ಉತ್ತರಹೇಳಬೇಕಾದವರ ಅನುಭವ ಮೊದಲನೆಯದೇ ಆಗಿರುವುದರಿಂದ ಹೊಸ ಕೃತಿಯನ್ನು ಅಸತ್ಯವೆನ್ನಲಾಗದು. ಆದರೆ ಅದು ಮೂಲದ ಸ್ಥಾನವನ್ನು ತುಂಬಲಾರದು.

ಕಥೆಯ ಮುಗಿವಿನಲ್ಲಿಯೂ ಈ ಭೇದವನ್ನೇ ಕಾಣುತ್ತೇವೆ. ಎರಡರಲ್ಲಿಯೂ ಯುಕಿ ಸತ್ತು ಬದುಕುತ್ತಾಳೆ. ಎರಡರಲ್ಲಿಯೂ ಒಕಿತಾ ಭೂಮಿಯನ್ನು ಕಣ್ಣಾರೆ ಕಂಡು ಪ್ರಾಣಬಿಡುತ್ತಾನೆ. ಮೂಲದಲ್ಲಿ ಯುಕಿ, ಇನ್ನೂ ಪರೀಕ್ಷಿಸದ ಯಂತ್ರವನ್ನು ಇತರರಿಗಾಗಿ ನಡೆಯಿಸಿ ಸಾಯುತ್ತಾಳೆ. ಬದುಕಿದುದು ಹೇಗೆಂದು ಕಥೆಗಾರರು ಹೇಳುವುದೇ ಇಲ್ಲ. ಹೊಸದರಲ್ಲಿ ಅವಳು ಗುಂಡೇಟಿನಿಂದ ಸಾಯುತ್ತಾಳೆ. ಯಂತ್ರದಲ್ಲಿ ನೆಲೆಸಿದ್ದ ಮಾಮೊರುವಿನ ಆತ್ಮಶಕ್ತಿ ಅವಳನ್ನು ಬದುಕಿಸುತ್ತದೆ, ಅದರಿಂದ ಭೂಮಿಯ ಪಾಲಿನ ಶಕ್ತಿ ಸಂದುಹೋಗಿ, ಒಕಿತಾನ ಮರಣದಿಂದ ಮತ್ತೆ ತುಂಬುತ್ತದೆ. ಇಲ್ಲಿ ಪ್ರತಿಯೊಂದಕ್ಕೂ ಲೆಕ್ಕವಿದೆ. ಮೂಲದ ಅದ್ಭುತವು ಕಾರಣವಿಲ್ಲದೆ ಬಂದ ಕರುಣೆ. ಹೊಸದರದು ಕೊಟ್ಟು ಕೊಂಡ ವ್ಯವಹಾರ. ಹಳೆಯದನ್ನು ಹಾಸ್ಯಮಾಡುವವರು ಉಂಟು. ಆದರೆ ಒಂದು ಗ್ರಹವನ್ನೇ ಕೊಂದು ಬಂದವರಿಗೆ ಅರ್ಹತೆಯಿಲ್ಲದೆ ಸಿಕ್ಕ ಕರುಣೆಯೇ ತಕ್ಕ ಮುಗಿವು. ಲೆಕ್ಕ ಹಾಕಿದ್ದರೆ ಅವರಿಗೆ ಏನೂ ಸಿಕ್ಕುತ್ತಿರಲಿಲ್ಲ.

ಸಂಗೀತದ ವಿಷಯವನ್ನು ಹೇಳದೆ ಬಿಡುವುದು ಉಚಿತವಲ್ಲ. ಮೂಲಕ್ಕೆ ಸಂಗೀತವನ್ನು ರಚಿಸಿದವರು ಮಿಯಾಗಾವಾ ಹಿರೊಶಿ. ಹೊಸದಕ್ಕೆ ಅವರ ಮಗ ಅಕಿರ. ಮಗನು ತಂದೆಯ ರಾಗಗಳನ್ನೇ ಮತ್ತೆ ವಾದ್ಯಕ್ಕೆ ಇಳಿಸಿದ್ದಾರೆ. ಮಾತಿಲ್ಲದ ಸ್ತ್ರೀಕಂಠದ ಆಲಾಪ ಎರಡರಲ್ಲಿಯೂ ಇದೆ. ಹಳೆಯದರ ಶೋಕವು ಹೊಸದರಲ್ಲಿ ಎಲ್ಲಿಯಾದರೂ ಪೂರ್ಣವಾಗಿ ಉಳಿದಿದ್ದರೆ ಅದು ಇಲ್ಲಿ.

೭. ಉಪಸಂಹಾರ

ಹಾಗಾದರೆ ಮೂಲವು ನಿರ್ದೋಷವೆ? ಅಲ್ಲ. ಅದರ ದೊಡ್ಡ ದೋಷ, ಅದು ಕೊಂದ ಜನರನ್ನು ನಮಗೆ ತೋರಿಸಲೇ ಇಲ್ಲವೆಂಬುದು. ಕೊದಾಯ್ ಯಾರಿಗಾಗಿ ಅಳುತ್ತಾನೋ ಅವರ ಮುಖಗಳನ್ನು ನಾವು ಕಂಡಿಲ್ಲ. ಅಳುವೂ ಒಂದೇ ದೃಶ್ಯದಲ್ಲಿ ಮುಗಿದು, ಮುಂದಿನ ಕಂತಿನಲ್ಲಿ ಇಸ್ಕಂದರಿನ ನೀಲಸಮುದ್ರ ಕಾಣಿಸಿಕೊಳ್ಳುತ್ತದೆ. ಮುಖವಿಲ್ಲದವರನ್ನು ಕೊಲ್ಲಿಸುವುದು ಕಥೆಗಾರನಿಗೆ ಸುಲಭ. ಹೊಸ ಕೃತಿಯು ಆ ಮುಖಗಳನ್ನು ಕೊಟ್ಟಿತು: ಬೀದಿಯಲ್ಲಿ ನಿಂತ ಮಗು, ಗಂಡನಿಗಾಗಿ ಕಾದ ಹೆಣ್ಣು, ಎರಡನೆಯ ದರ್ಜೆಯ ಪ್ರಜೆ. ಕೊಟ್ಟಮೇಲೆ ಅವರನ್ನು ಕೊಲ್ಲಿಸಲು ಅದರ ಮನಸ್ಸು ಒಪ್ಪಲಿಲ್ಲ. ಇದು ಮಾನವೀಯವಾದ ದೌರ್ಬಲ್ಯ. ಇದನ್ನು ನಿಂದಿಸುವುದು ಕಷ್ಟ. ಆದರೆ ಇದರಿಂದ ಎರಡು ಕೃತಿಗಳಲ್ಲಿ ಒಂದಕ್ಕೆ ದುರಂತ ದೊರೆಯಿತು, ಒಂದಕ್ಕೆ ದುರಂತಕ್ಕೆ ತಕ್ಕ ಜನ ದೊರೆತರು. ಎರಡೂ ಒಂದೆಡೆ ಸೇರಿದ ‘ಯಮಾತೊ’ ಇನ್ನೂ ಹುಟ್ಟಿಲ್ಲ.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹೊಸ ಶಿಲ್ಪಿ ಹಳೆಯ ಕಟ್ಟಡದ ಕಂಬವನ್ನು ತೆಗೆದನು. ಭಾರವು ಕೆಳಗೆ ಬೀಳದಂತೆ ಬುದ್ಧಿವಂತಿಕೆಯಿಂದ ಅನೇಕ ಸಣ್ಣ ಕಂಬಗಳ ಮೇಲೆ ಹಂಚಿದನು. ಕಟ್ಟಡ ನಿಂತಿದೆ, ಹಳೆಯದಕ್ಕಿಂತ ವಿಶಾಲವಾಗಿಯೂ ಸುಂದರವಾಗಿಯೂ ನಿಂತಿದೆ. ಒಳಹೊಕ್ಕವರಿಗೆ ತಲೆಯಮೇಲಿನ ಭಾರದ ಅರಿವು ಮಾತ್ರ ಆಗುವುದಿಲ್ಲ. ಹೊಸದನ್ನು ನೋಡಿದವರು ಇಪ್ಪತ್ತನಾಲ್ಕನೆಯ ಕಂತನ್ನಾದರೂ ಹಳೆಯದರಲ್ಲಿ ನೋಡಬೇಕೆಂದೂ, ಹಳೆಯದನ್ನೇ ಹಿಡಿದು ಕುಳಿತವರು ಶುಲ್ಟ್ಜ್, ಮೆಲ್ಡಾ ಇವರ ಕಥೆಗಳನ್ನು ಹೊಸದರಲ್ಲಿ ನೋಡಬೇಕೆಂದೂ ನಮ್ಮ ಅಭಿಪ್ರಾಯ. ಒಂದನ್ನು ಮಾತ್ರ ಕಂಡವರು ಕಥೆಯ ಅರ್ಧವನ್ನು ಮಾತ್ರ ಕಂಡವರು.